ಸಹಾಯ ಬೇಕು: ಅಮ್ಮನಿಗೆ ದಿನಾ ಒಂದೆಲಗ ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ. ಇತ್ತೀಚೆಗೆ ಮರೆವು ಜಾಸ್ತಿ ಆಗಿದೆ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಡಾಕ್ಟರಿಗೆ ತೋರಿಸಿದ್ದೇವೆ, ಬಿ12 ಮತ್ತು ಥೈರಾಯ್ಡ್ ಪರೀಕ್ಷೆಯ ರಿಪೋರ್ಟ್ ಬರಬೇಕು.

ಅಷ್ಟರಲ್ಲಿ ನೆನಪಿನ ಶಕ್ತಿಗೆ ಒಳ್ಳೆಯದು ಅಂತ ಊರಿಂದ ಅತ್ತೆ ಬೇರು ಸಮೇತ ಒಂದೆಲಗ ಸೊಪ್ಪು ಕಳಿಸಿದ್ದಾರೆ. ತೆಂಗಿನತುರಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದೆ. ಅಮ್ಮ ಎರಡು ಸಲ ಬಡಿಸಿಕೊಂಡರು! ಆದರೆ ಅವರು ರಾತ್ರಿ ನಿದ್ದೆ ಮಾತ್ರೆ ತಗೊಳ್ಳುತ್ತಾರೆ. ಒಂದೆಲಗವೂ ಮಂಪರು ತರಬಹುದಂತೆ. ಆಯುರ್ವೇದ ವೈದ್ಯರು ಯಾರಾದರೂ ಇದ್ದರೆ ಹೇಳಿ, ವಾರಕ್ಕೆ ಎಷ್ಟು ಸಲ ಕೊಡಬಹುದು? ನೆನಪಿನ ಶಕ್ತಿಗೆ ಅಂತ ಕೊಡುವ ಶಂಖಪುಷ್ಪಿ ಸಿರಪ್ ಸದ್ಯ ಬೇಡ ಅಂದುಕೊಂಡಿದ್ದೇನೆ. ಅಮ್ಮನಿಗೆ ಶುಗರ್ ಇದೆ, ಸಿರಪ್‌ನಲ್ಲಿ ಸಾಮಾನ್ಯವಾಗಿ ಸಕ್ಕರೆ ಇರುತ್ತೆ ಅಲ್ವಾ.

ಇನ್ನೊಂದು, ಉಳಿದ ಬಳ್ಳಿ ಕುಂಡದಲ್ಲಿ ನೆಟ್ಟಿದ್ದೇನೆ, ಎಲೆ ಹಳದಿಯಾಗುತ್ತಿದೆ. ಬಿಸಿಲು ಜಾಸ್ತಿ ಆಯ್ತಾ?