ಇಂಗ್ಲಿಷಿನಲ್ಲಿ ಪಳಗಿದ ನಾಯಿ ಕನ್ನಡದ ಮಾತಿಗೆ ಓಗೊಡುತ್ತಿಲ್ಲ

ಪ್ರಶ್ನೆ:
ಬೆಂಗಳೂರಿನಲ್ಲಿ ಬೆಳೆದ ನಮ್ಮ ನಾಲ್ಕು ವರ್ಷದ ಲ್ಯಾಬ್ರಡಾರ್ ‘ಸಿಟ್’, ‘ಡೌನ್’, ‘ಕಮ್’ ಎಂದರೆ ತಪ್ಪದೆ ಪಾಲಿಸುತ್ತದೆ. ಈಗ ಅದು ತೀರ್ಥಹಳ್ಳಿಯಲ್ಲಿ ನನ್ನ ತಾಯಿಯವರ ಜೊತೆಗಿದೆ. ಅವರು ‘ಕೂತ್ಕೋ’, ‘ಮಲ್ಕೋ’ ಎಂದರೆ ಮುಖ ನೋಡುತ್ತ ನಿಲ್ಲುತ್ತದೆ. ಎರಡು ವಾರ ‘ಸಿಟ್, ಕೂತ್ಕೋ’ ಎಂದು ಒಟ್ಟಿಗೆ ಹೇಳಿ ಅಭ್ಯಾಸ ಮಾಡಿಸಿದೆ. ಆದರೂ ‘ಸಿಟ್’ ಬಿಟ್ಟ ಕೂಡಲೇ ಮೊದಲಿನಂತೆಯೇ ನಿಲ್ಲುತ್ತದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:
ತಪ್ಪಿರುವುದು ಪದಗಳ ಕ್ರಮದಲ್ಲಿ. ‘ಸಿಟ್’ ಕಿವಿಗೆ ಬಿದ್ದೊಡನೆ ಏನು ಮಾಡಬೇಕೆಂಬುದು ನಾಯಿಗೆ ತಿಳಿದುಬಿಡುವುದರಿಂದ ಅದರ ಹಿಂದೆ ಬರುವ ‘ಕೂತ್ಕೋ’ ಬರಿಯ ಸದ್ದಾಗಿ ಉಳಿಯುತ್ತದೆ. ಗೊತ್ತಿರುವ ಸೂಚನೆಯು ಜೊತೆಗಿರುವ ಹೊಸ ಸೂಚನೆಯ ಕಲಿಕೆಗೆ ಅಡ್ಡಬರುತ್ತದೆ ಎಂಬುದನ್ನು ಮನೋವಿಜ್ಞಾನಿ ಲಿಯಾನ್ ಕಾಮಿನ್ 1960ರ ದಶಕದಲ್ಲೇ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ಆದ್ದರಿಂದ ಮೊದಲು ಕನ್ನಡದ ಪದವನ್ನು ಹೇಳಿ, ಒಂದು ಸೆಕೆಂಡು ಸುಮ್ಮನಿದ್ದು, ಆಮೇಲೆ ‘ಸಿಟ್’ ಎನ್ನಿ. ಕುಳಿತ ಕ್ಷಣವೇ ತಿನಿಸು ಕೊಡಿ. ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ ಹೀಗೆ ಮಾಡುತ್ತ ಹೋದರೆ ಅದು ‘ಸಿಟ್’ಗೆ ಕಾಯದೆ ಆ ಒಂದು ಸೆಕೆಂಡಿನೊಳಗೇ ಕೂರತೊಡಗುತ್ತದೆ. ಹಳೆಯ ಪದವನ್ನು ಬಿಡಬೇಕಾದದ್ದು ಆಗ. ಹೊಸ ಪದ ಹೇಳುವಾಗ ಕೈ ಅಲುಗದಿರಲಿ. ನಾಯಿಗಳು ಮಾತಿಗಿಂತ ಕೈಸನ್ನೆಯನ್ನು ಬೇಗ ಹಿಡಿಯುತ್ತವೆ, ನಾವು ಮಾತನ್ನೇ ಕಲಿತಿತೆಂದು ಹಿಗ್ಗುತ್ತೇವೆ.

ಇನ್ನೊಂದು ತೊಡಕೂ ಇದೆ. ‘ಕೂತ್ಕೋ’, ‘ಮಲ್ಕೋ’ ಎರಡೂ ‘ಕೋ’ ಎಂದೇ ಮುಗಿಯುತ್ತವೆ. ‘ಕೂರು’, ‘ಮಲಗು’ ಎಂದು ಬದಲಿಸಿಕೊಂಡರೆ ಗೊಂದಲ ತಪ್ಪುತ್ತದೆ.

ಪ್ರಶ್ನೆ ಕೇಳಿದವರು:
ಅಮ್ಮನ ಬಾಯಲ್ಲಿ ‘ಕೂರು’ ಬರುವುದೇ ಇಲ್ಲ. ಎಷ್ಟು ನೆನಪಿಸಿದರೂ ‘ಕೂತ್ಕೊಳ್ಳೋ ಮಾರಾಯ’ ಎಂದೇ ಹೇಳುತ್ತಾರೆ.

ಉತ್ತರ:
ಹಾಗಾದರೆ ಅವರನ್ನು ತಿದ್ದುವ ಗೋಜಿಗೆ ಹೋಗಬೇಡಿ, ನಾಯಿಯನ್ನು ತಿದ್ದುವುದೇ ಸುಲಭ. ಪ್ರತಿ ಸಲವೂ ಒಂದೇ ಆಗಿರುವುದಾದರೆ ‘ಮಾರಾಯ’ವೂ ಸೇರಿದ ಇಡೀ ಮಾತೇ ಆಜ್ಞೆಯಾಗಲಿ, ‘ಮಲ್ಕೋ’ ಒಂದನ್ನು ಮಾತ್ರ ‘ಮಲಗು’ ಎಂದು ಮಾಡಿಕೊಳ್ಳಿ. ಅಭ್ಯಾಸವನ್ನು ನೀವಲ್ಲ, ಅವರೇ ಮಾಡಿಸಬೇಕು.

ಪ್ರಶ್ನೆ ಕೇಳಿದವರು:
ಹನ್ನೆರಡು ದಿನಗಳಾದವು. ಜಗಲಿಯಲ್ಲಿ ಅಮ್ಮನ ಮಾತಿಗೆ ಕೂರುತ್ತದೆ, ಅಂಗಳಕ್ಕೆ ಇಳಿದರೆ ಕೇಳುವುದಿಲ್ಲ.

ಉತ್ತರ:
ಅದು ಮರೆವಲ್ಲ. ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೂ ಅನ್ವಯಿಸುತ್ತದೆಂದು ನಾಯಿಗೆ ತಾನಾಗಿ ಹೊಳೆಯುವುದಿಲ್ಲ. ಅಂಗಳದಲ್ಲಿ ಹಗ್ಗ ಕಟ್ಟಿಕೊಂಡು, ಕನ್ನಡದ ಹಿಂದೆ ‘ಸಿಟ್’ ಸೇರಿಸಿ ಮೊದಲಿಂದ ಆರಂಭಿಸಿ. ಈ ಬಾರಿ ಬೇಗ ಹಿಡಿಯುತ್ತದೆ. ರಸ್ತೆಯ ಬಳಿ ಮಾತ್ರ ಸದ್ಯಕ್ಕೆ ‘ಕಮ್’ ಎಂದೇ ಕರೆಯಿರಿ.