ಅಪ್‌ಡೇಟ್: ಷೆಂಗೆನ್ 90 ದಿನದ ಲೆಕ್ಕ

ಒಂದು ವರ್ಷದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಇದೆ, ಫ್ರಾನ್ಸ್‌ನಲ್ಲಿ 90 ದಿನ ಮುಗಿಸಿ ಇಟಲಿಗೆ ಹೋದರೆ ಲೆಕ್ಕ ಹೊಸದಾಗಿ ಶುರುವಾಗುತ್ತದಾ ಅಂತ ಕೇಳಿದ್ದೆ.

ಇಲ್ಲ. ಷೆಂಗೆನ್ ದೇಶಗಳಿಗೆಲ್ಲ ಸೇರಿ ಒಂದೇ ಲೆಕ್ಕ. ಯಾವುದೇ 180 ದಿನಗಳಲ್ಲಿ 90 ದಿನ, ಅಷ್ಟೇ. ವೀಸಾ ಸ್ಟಿಕರ್ ಮೇಲೇ 90 ಅಂತ ಇತ್ತು, ನಾನು ವರ್ಷ ಮಾತ್ರ ನೋಡಿದ್ದೆ! ಬಂದಿಳಿದ ದಿನ, ಹೊರಟ ದಿನ ಎರಡನ್ನೂ ಎಣಿಸಬೇಕಂತೆ. ಐರೋಪ್ಯ ಒಕ್ಕೂಟದ ಕ್ಯಾಲ್ಕುಲೇಟರ್‌ಗೆ ತಾರೀಖು ಹಾಕಿದರೆ ಆಗಲೇ 87 ದಿನ. ಹಿಂದಿನ ಚಿಕ್ಕ ಪ್ರವಾಸವೂ ಅದರಲ್ಲಿ ಸೇರಿತ್ತು.

ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ, ಇಟಲಿ ಬದಲು ಅಲ್ಲಿಗೆ ಹೋಗೋಣ ಅಂದುಕೊಂಡೆ, ಆದರೆ ಅದಕ್ಕೆ ಬೇರೆ ವೀಸಾ ಬೇಕಲ್ವಾ. ಇಟಲಿ ಟಿಕೆಟ್ ರದ್ದು ಮಾಡಿದೆ, ದುಡ್ಡು ಹೋಯಿತು. 89ನೇ ದಿನ ವಾಪಸ್ ವಿಮಾನ ಹತ್ತಿದೆ. ಅಧಿಕಾರಿ ಪಾಸ್‌ಪೋರ್ಟ್ ನೋಡುವಾಗ ಸುಮ್ನೆ ಬೆವರಿದ್ದೆ. ಅವರು ತಲೆ ಕೂಡ ಎತ್ತಲಿಲ್ಲ.