ಅಂತರಗಂಗೆ, ಜಾಲಿ ಮುಳ್ಳಿನ ನಡುವೆ ಮುರ್ರೆಲ್: ಯಾವ ರಾಡ್, ಎಂಥ ದಾರ?

ಭಾಲ್ಕಿ ಹುಡುಗ

ಶರಣ್ರೀ ಎಲ್ಲರಿಗೂ. ರಾಡ್ ಮತ್ತು ದಾರದ ಬಗ್ಗೆ ಸಲಹೆ ಬೇಕಿತ್ತು.

ನಾನು ಗಾಳ ಹಾಕುವುದು ಎರಡು ಕಡೆ. ಒಂದು ನಮ್ಮೂರ ಕೆರೆ, ಅರ್ಧಕ್ಕರ್ಧ ಅಂತರಗಂಗೆ ತುಂಬಿದೆ, ದಂಡೆಯಲ್ಲಿ ಜೊಂಡು. ಇನ್ನೊಂದು ಕಾರಂಜಾ ಹಿನ್ನೀರು, ಅಲ್ಲಿ ನೀರು ಏರಿದಾಗ ಮುಳುಗಿದ ಜಾಲಿ ಗಿಡಗಳ ಸಂದಿಯಲ್ಲಿ ಮುರ್ರೆಲ್ ಕೂತಿರುತ್ತದೆ (ತೆಲಂಗಾಣ ಗಡಿ ಕಡೆಯವರು ಕೊರಮೀನು ಅಂತಾರಲ್ಲ, ಅದೇ).

ಈಗ ಇರುವುದು ಆರೂವರೆ ಅಡಿಯ ಮೀಡಿಯಂ (ಮಧ್ಯಮ ಗಟ್ಟಿಯ) ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, 12 ಪೌಂಡ್ ತಡೆಯುವ ನೈಲಾನ್ ದಾರ. ಬಯಲು ನೀರಿನಲ್ಲಿ ಏನೂ ತೊಂದರೆ ಇಲ್ಲ. ಆದರೆ ಅಂತರಗಂಗೆ ಮೇಲೆ ರಬ್ಬರ್ ಕಪ್ಪೆ ಎಳೆಯುವಾಗ ಮೀನು ಧಡ್ ಅಂತ ಹೊಡೆಯುತ್ತದೆ, ನಾನು ಎತ್ತುತ್ತೇನೆ, ರಾಡ್ ಬಿಲ್ಲಿನ ಹಾಗೆ ಬಾಗುತ್ತದೆ, ಅಷ್ಟರಲ್ಲಿ ಅದು ಬೇರಿನೊಳಗೆ ನುಗ್ಗಿ ಕೂತುಬಿಡುತ್ತದೆ. ಆಮೇಲೆ ದಾರ ಕಡಿಯುತ್ತದೆ, ಇಲ್ಲಾ ಕೊಕ್ಕೆ ಬಿಟ್ಟುಬಿಡುತ್ತದೆ. ಬಾಯಲ್ಲಿ ಕೊಕ್ಕೆ ಸಿಕ್ಕಿಸಿಕೊಂಡು ಮೀನು ಹೋಯಿತಲ್ಲ ಅಂತ ಮನಸ್ಸಿಗೆ ಬಹಳ ಕಸಿವಿಸಿ.

ಅಮೆರಿಕದವರ ಬಾಸ್ ಮೀನಿನ ವಿಡಿಯೋ ನೋಡಿದರೆ 65 ಪೌಂಡ್ ಬ್ರೇಡ್ (ಹೆಣೆದ ದಾರ), ಏಳೂವರೆ ಅಡಿ ಹೆವಿ ರಾಡ್ ಅಂತಾರೆ. ಎರಡು ಕಿಲೋ ಮೀನಿಗೆ ಅಷ್ಟೆಲ್ಲ ಬೇಕಾ? ದಾರ ಮಾತ್ರ ಬದಲಾಯಿಸಿದರೆ ನಡೆಯುತ್ತದಾ, ರಾಡೂ ಬದಲಾಯಿಸಬೇಕಾ? ಎರಡೂ ಒಟ್ಟಿಗೆ ತೆಗೆದುಕೊಳ್ಳುವಷ್ಟು ದುಡ್ಡು ಸದ್ಯಕ್ಕಿಲ್ಲ.

ಗಾಳ ಕಲಬುರಗಿ

ತಮ್ಮ, ಮೊದಲು ನಿನ್ನ ಕೊನೆಯ ಪ್ರಶ್ನೆಗೆ ಉತ್ತರ: ಅಂತರಗಂಗೆಯಲ್ಲಿ ರಾಡ್ ಬದಲಾಯಿಸದೆ ಬರೀ ದಪ್ಪ ಬ್ರೇಡ್ ಹಾಕಬೇಡ. ರಾಡ್ ಮುರಿಯುತ್ತದೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತದೆ.

65 ಪೌಂಡ್ ಅಂದರೆ ಸುಮಾರು 29 ಕಿಲೋ. ಅವರ ಬಾಸ್ ಮೀನು ಅಷ್ಟು ದೊಡ್ಡದಲ್ಲ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಅನ್ನುವವರು ಹಿಡಿದ ದಾಖಲೆಯ ಬಾಸ್ 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋಗಿಂತ ಒಂಚೂರು ಜಾಸ್ತಿ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಮತ್ತೆ 29 ಕಿಲೋ ತಡೆಯುವ ದಾರ ಯಾಕೆ? ಮೀನಿಗಲ್ಲ, ಕಳೆಗೆ. ಮೀನು ಗಿಡದೊಳಗೆ ನುಗ್ಗಿದ ಮೇಲೆ ನೀನು ಎಳೆಯುವುದು ಎರಡು ಕಿಲೋ ಮೀನನ್ನಲ್ಲ, ಅದರ ಜೊತೆ ಬೇರು, ಎಲೆ, ಕೆಸರು ಸೇರಿದ ಒಂದು ದೊಡ್ಡ ಹೊರೆ. ಅದಕ್ಕೇ ಅವರು ತಾವರೆ ಎಲೆ, ಹೈಡ್ರಿಲ್ಲಾ ತುಂಬಿದ ಜಾಗಕ್ಕೆ 50ರಿಂದ 65 ಪೌಂಡ್ ಬ್ರೇಡ್ ಹಾಕಿಕೊಂಡು ಹೋಗುತ್ತಾರೆ. ನಮ್ಮ ಅಂತರಗಂಗೆ ಹೈಡ್ರಿಲ್ಲಾಗಿಂತ ಗಟ್ಟಿ, ಅದರ ಬೇರಿನ ಗೊಂಚಲು ನೀರೊಳಗೆ ಇಳಿಬಿದ್ದಿರುತ್ತದೆ. ಹಾಗಾಗಿ ಇಲ್ಲೂ ಅದೇ ಲೆಕ್ಕ.

ನೈಲಾನ್ ಯಾಕೆ ಸೋಲುತ್ತದೆ ಅಂದರೆ ಅದು ಹಿಗ್ಗುತ್ತದೆ, ನೀರು ಹೀರಿ ಇನ್ನಷ್ಟು ಮೆತ್ತಗಾಗುತ್ತದೆ. ದೂರ ಎಸೆದಾಗ ನೀನು ಇಲ್ಲಿ ರಾಡ್ ಜಗ್ಗಿದ ಜೋರು ಅರ್ಧ ದಾರಿಯಲ್ಲೇ ಖರ್ಚಾಗುತ್ತದೆ, ಕೊಕ್ಕೆಗೆ ಮುಟ್ಟುವುದೇ ಇಲ್ಲ. ಮುರ್ರೆಲ್ ಬಾಯಿ ಎಲುಬು, ಬಾಸ್ ಬಾಯಿಗಿಂತ ಗಟ್ಟಿ. ಕೊಕ್ಕೆ ಚುಚ್ಚಬೇಕಾದರೆ ಏಟು ಸೀದಾ ಹೋಗಬೇಕು. ಬ್ರೇಡ್ ಹಿಗ್ಗುವುದಿಲ್ಲ ಅಂದರೂ ನಡೆಯುತ್ತದೆ. ಅದು ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರ, ನೀರಿಗಿಂತ ಹಗುರ, ತೇಲುತ್ತದೆ, ಕಪ್ಪೆ ಎಳೆಯುವಾಗ ಎಲೆಗಳ ಮೇಲೇ ಇರುತ್ತದೆ. ಮೀನು ಎಳೆದಾಗ ಎಲೆಯ ದಂಟನ್ನು ಕೊಯ್ದುಕೊಂಡು ಬರುತ್ತದೆ. ನೈಲಾನ್ ದಂಟಿಗೆ ಸುತ್ತಿಕೊಂಡು ಅಲ್ಲೇ ನಿಲ್ಲುತ್ತದೆ.

ಈಗ ರಾಡ್. ನಿನ್ನ ರಾಡ್ ಮೇಲೆ, ಹಿಡಿಕೆಯ ಸ್ವಲ್ಪ ಮೇಲೆ, ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ ನೋಡು, ದಾರ ಎಷ್ಟು ಪೌಂಡ್, ಲ್ಯೂರ್ (ರಬ್ಬರ್ ಕಪ್ಪೆಯಂಥ ಹುಸಿ ಎರೆ) ಎಷ್ಟು ಗ್ರಾಂ ಅಂತ. ಮೀಡಿಯಂ ರಾಡಿಗೆ ಸಾಮಾನ್ಯವಾಗಿ 8ರಿಂದ 14, ಇಲ್ಲಾ 8ರಿಂದ 17 ಪೌಂಡ್ ಅಂತ ಇರುತ್ತದೆ. ಕಡಿಮೆ ಪೌಂಡಿನ ದಾರ ಇದ್ದಾಗ ಮೊದಲು ಕಡಿಯುವುದು ದಾರ. 50 ಪೌಂಡ್ ಹಾಕಿ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವುದನ್ನು ತಡೆಯುವ ರೀಲಿನ ಬ್ರೇಕ್) ಬಿಗಿ ಮಾಡಿದರೆ ಮೊದಲು ಮುರಿಯುವುದು ರಾಡ್.

ನಾನು ಹೇಳುವುದು ಇದು: 6 ಅಡಿ 8 ಇಂಚಿನಿಂದ 7 ಅಡಿ, ಹೆವಿ ಅಥವಾ ಗಟ್ಟಿ ಮೀಡಿಯಂ ಹೆವಿ, ಫಾಸ್ಟ್ ಆಕ್ಷನ್. ಫಾಸ್ಟ್ ಅಂದರೆ ತುದಿ ಮಾತ್ರ ಬಾಗಬೇಕು, ಕೆಳಗಿನ ಭಾಗ ಕೋಲಿನ ಹಾಗೆ ನಿಲ್ಲಬೇಕು. ಲ್ಯೂರ್ ತೂಕ 10ರಿಂದ 30 ಗ್ರಾಂ ಅಂತ ಬರೆದಿದ್ದರೆ ನಮ್ಮ ಕಪ್ಪೆಗಳಿಗೆ ಸರಿಹೋಗುತ್ತದೆ. ತುಂಬಾ ಗಟ್ಟಿ ರಾಡ್ ತೆಗೆದುಕೊಂಡರೆ 8 ಗ್ರಾಮಿನ ಚಿಕ್ಕ ಕಪ್ಪೆ ದೂರ ಹೋಗುವುದಿಲ್ಲ, ಅದನ್ನೂ ನೋಡಿಕೋ. ಏಳೂವರೆ ಅಡಿ ಅವರಿಗೆ ಸರಿ, ಅವರು ದೋಣಿ ಮೇಲೆ ನಿಂತು ಹಾಕುತ್ತಾರೆ. ನಾವು ದಂಡೆಯ ಜಾಲಿ ಕೊಂಬೆಗಳ ಕೆಳಗೆ ಬಗ್ಗಿ ಎಸೆಯುವವರು, ಅಲ್ಲಿ ಉದ್ದ ರಾಡ್ ತಲೆನೋವು.

ದುಡ್ಡು ಕಡಿಮೆ ಇದ್ದರೆ ಮೊದಲು ರಾಡ್ ತೆಗೆದುಕೋ, ರೀಲ್ ಅದೇ ಇರಲಿ. 3000 ರೀಲಿನ ಸ್ಪೂಲಿಗೆ (ದಾರ ಸುತ್ತುವ ಉರುಳೆ) 40 ಪೌಂಡ್ ಬ್ರೇಡ್ ನೂರು ಮೀಟರ್ ಹಿಡಿಸಿದರೆ ಸಾಕು. ನೂರು ಮೀಟರ್ ಆಚೆ ನೀನು ಎಸೆಯುವುದೂ ಇಲ್ಲ, ಮೀನನ್ನು ಅಷ್ಟು ದೂರ ಓಡಲು ಬಿಡುವ ಜಾಗವೂ ಇದಲ್ಲ.

ಕಾಗಿಣಾ ದಂಡೆ

ಅಣ್ಣ ಹೇಳಿದ್ದು ಅಂತರಗಂಗೆಗೆ ನೂರಕ್ಕೆ ನೂರು ಸರಿ. ಆದರೆ ಎಲ್ಲಾ ಕಡೆ ಬ್ರೇಡ್ ಅಂದರೆ ನಾನು ಒಪ್ಪುವುದಿಲ್ಲ.

ನಾನು ಶಹಾಬಾದ್ ಕಡೆಯವನು, ಕಾಗಿಣಾ ಮತ್ತು ಭೀಮಾದಲ್ಲಿ ಹಾಕುತ್ತೇನೆ. ನಮ್ಮ ಕಡೆ ನದಿಯೊಳಗೆ ಕಳೆಗಿಂತ ಕಲ್ಲು ಜಾಸ್ತಿ. ನೀವೆಲ್ಲ ಮನೆಗೆ ಹಾಸುವ ಅದೇ ಸುಣ್ಣಕಲ್ಲಿನ ಪದರ, ಒಡೆದ ಅಂಚು ಚೂಪಾಗಿರುತ್ತದೆ. ಬ್ರೇಡ್ ಅಂದರೆ ಕೂದಲಿಗಿಂತ ತೆಳು ಎಳೆಗಳ ಕಟ್ಟು, ಬಿಗಿಯಾಗಿ ಎಳೆದಿರುವಾಗ ಕಲ್ಲಿನ ಅಂಚಿಗೆ ಒಮ್ಮೆ ಉಜ್ಜಿದರೆ ಮುಗೀತು. 50 ಪೌಂಡ್ ಅಂತ ಬರೆದದ್ದೂ ಅಲ್ಲಿ ಉಳಿಯುವುದಿಲ್ಲ. ಕಲ್ಲಿರುವ ಜಾಗಕ್ಕೆ ಬ್ರೇಡ್ ಮುಂದೆ ಒಂದು ಮಾರು ಫ್ಲೋರೋಕಾರ್ಬನ್ ಲೀಡರ್ (ಬ್ರೇಡಿಗೂ ಕೊಕ್ಕೆಗೂ ನಡುವೆ ಕಟ್ಟುವ ಬೇರೆ ದಾರದ ತುಂಡು) ಹಾಕಿ, 30ರಿಂದ 40 ಪೌಂಡ್. ಅದು ದಪ್ಪ, ಮೇಲ್ಮೈ ಗಟ್ಟಿ, ಉಜ್ಜಾಟ ತಡೆಯುತ್ತದೆ. ಆದರೆ ನೀರಿಗಿಂತ ಭಾರ, ಮುಳುಗುತ್ತದೆ, ಹಾಗಾಗಿ ಕಪ್ಪೆಗೆ ಉದ್ದ ಲೀಡರ್ ಬೇಡ, ಮೂಗು ಕೆಳಗೆ ಎಳೆಯುತ್ತದೆ.

ಭಾಲ್ಕಿ ಹುಡುಗನ ಜಾಲಿ ಗಿಡದ ವಿಷಯ ಇದರ ನಡುವಿನದು. ಹಸಿ ದಂಟನ್ನು ಬ್ರೇಡ್ ಕೊಯ್ಯುತ್ತದೆ, ಒಣ ಜಾಲಿ ಕೊಂಬೆಯನ್ನು ಕೊಯ್ಯುವುದಿಲ್ಲ, ಅದರೊಳಗೆ ಕಚ್ಚಿಕೊಂಡು ಕೂರುತ್ತದೆ. ಜಾಲಿ ತೊಗಟೆಗೆ ದಾರ ಸಿಕ್ಕಿತು ಅಂದರೆ ಆ ಕಡೆ ಮೀನು ಎಳೆದರೂ ನಿನಗೆ ಗೊತ್ತಾಗುವುದಿಲ್ಲ. ಅಲ್ಲಿ ಲೀಡರ್ ಇದ್ದರೆ ಕೊಂಬೆಯ ಮೇಲೆ ಜಾರಿಕೊಂಡು ಬರುತ್ತದೆ. ಅದಕ್ಕೇ ನಾನು ಯಾರೇ ಕೇಳಿದರೂ ಮೊದಲು ಕೇಳುವುದು, ನೀರೊಳಗೆ ಏನಿದೆ? ಹಸಿ ಕಳೆಯಾ, ಕಟ್ಟಿಗೆಯಾ, ಕಲ್ಲಾ? ದಾರ ಅದರ ಮೇಲೆ ನಿರ್ಧಾರ ಆಗಬೇಕು, ಮೀನಿನ ಮೇಲಲ್ಲ.

ಇನ್ನೊಂದು, ಡಬ್ಬಿಯ ಮೇಲಿನ ಪೌಂಡ್ ನಂಬಬೇಡಿ. ಅಗ್ಗದ ಬ್ರೇಡಿನಲ್ಲಿ ಸುಮ್ನೆ ದೊಡ್ಡ ಸಂಖ್ಯೆ ಹಾಕಿರುತ್ತಾರೆ. ಪಿಇ ನಂಬರ್ ನೋಡಿ, ಅದು ದಾರದ ದಪ್ಪದ ಲೆಕ್ಕ. ಪಿಇ 3 ಅಂದರೆ ಸುಮಾರು 0.28 ಮಿಲಿಮೀಟರ್, ಪಿಇ 4 ಅಂದರೆ 0.33. ಕಳೆಗೆ ಈ ಎರಡರಲ್ಲಿ ಒಂದು.

ಭಾಲ್ಕಿ ಹುಡುಗ

ಇಬ್ಬರಿಗೂ ಧನ್ಯವಾದ. ಮೀನಿಗಲ್ಲ ಕಳೆಗೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ, ಈಗ ಎಲ್ಲಾ ಅರ್ಥ ಆಗುತ್ತಿದೆ. ರಾಡ್ ನೋಡುತ್ತೇನೆ, 7 ಅಡಿ ಮೀಡಿಯಂ ಹೆವಿ, ರೀಲ್ ಹಳೆಯದೇ.

ಇನ್ನೂ ಎರಡು ಕೇಳಬೇಕು. ಡ್ರ್ಯಾಗ್ ಎಷ್ಟು ಬಿಗಿ ಇಡಬೇಕು? ವಿಡಿಯೋದಲ್ಲಿ ಪೂರ್ತಿ ಬಿಗಿ ಮಾಡಿ ಅಂತಾರೆ, ನನಗೆ ಭಯ. ಮತ್ತೆ ಬ್ರೇಡಿಗೆ ಗಂಟು ಯಾವುದು? ನೈಲಾನ್‌ಗೆ ಹಾಕುವ ಗಂಟನ್ನೇ ನಮ್ಮ ಅಣ್ಣನ ಬ್ರೇಡಿನಲ್ಲಿ ಹಾಕಿ ನೋಡಿದೆ, ಜಾರಿ ಬಿಚ್ಚಿಕೊಂಡಿತು.

ಗಾಳ ಕಲಬುರಗಿ

ಪಾಲೊಮಾರ್ ಗಂಟು ಹಾಕು. ದಾರವನ್ನು ಎರಡು ಮಡಿಸಿ ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಒಂದು ಸಾದಾ ಗಂಟು ಹಾಕಿ, ಆ ಕುಣಿಕೆಯೊಳಗಿಂದ ಇಡೀ ಕಪ್ಪೆಯನ್ನು ದಾಟಿಸಿ ಎಳೆಯುವುದು. ಎಂಜಲು ಹಚ್ಚಿ ಒದ್ದೆ ಮಾಡಿ ನಿಧಾನವಾಗಿ ಬಿಗಿ ಮಾಡು, ಒಣಗಿದ್ದಾಗ ಜೋರಾಗಿ ಎಳೆದರೆ ಉಜ್ಜಿದ ಬಿಸಿಗೆ ದಾರ ಸುಡುತ್ತದೆ. ಬ್ರೇಡಿಗೆ ಲೀಡರ್ ಸೇರಿಸಲು ಎಫ್‌ಜಿ ಗಂಟು ಒಳ್ಳೆಯದು, ಕೈ ಕೂರಲು ಸ್ವಲ್ಪ ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಡಬಲ್ ಯುನಿ ಗಂಟು ಸಾಕು.

ಸ್ಪೂಲಿಗೆ ಬ್ರೇಡ್ ಸೀದಾ ಸುತ್ತಬೇಡ. ನುಣುಪಾದ ಸ್ಪೂಲಿನ ಮೇಲೆ ಇಡೀ ದಾರವೇ ಗಿರಗಿರ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಅಂದುಕೊಳ್ಳುತ್ತೀಯ. ಕೆಳಗೆ ನಿನ್ನ ಹಳೆಯ ನೈಲಾನ್ ಕೆಲವು ಸುತ್ತು ಇರಲಿ.

ಡ್ರ್ಯಾಗ್ ಕೈಯಂದಾಜಿನಲ್ಲಿ ಬೇಡ. ಮನೆಯಲ್ಲಿ ತೂಗುವ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಸ್ಪ್ರಿಂಗಿನದು, ಅದಕ್ಕೆ ದಾರ ಕಟ್ಟಿ ಸೀದಾ ಎಳೆದು ನೋಡು. ದಾರದ ಶಕ್ತಿಯ ಕಾಲು ಭಾಗದ ಹತ್ತಿರ ಇರಲಿ. 40 ಪೌಂಡ್ ಅಂದರೆ 18 ಕಿಲೋ, ಅಂದರೆ ನಾಲ್ಕು ನಾಲ್ಕೂವರೆ ಕಿಲೋಗೆ ದಾರ ಬಿಡಬೇಕು. ನಿನ್ನ ರೀಲಿಗೂ ಅದಕ್ಕಿಂತ ಜಾಸ್ತಿ ತಡೆಯುವ ತಾಕತ್ತು ಇರಲಿಕ್ಕಿಲ್ಲ. ಪೂರ್ತಿ ಬಿಗಿ ಮಾಡುವವರ ಹತ್ತಿರ ದಪ್ಪ ಕೊಕ್ಕೆ, ದಪ್ಪ ರಾಡ್, ಗಟ್ಟಿ ಬೇಟ್‌ಕಾಸ್ಟರ್ ರೀಲ್ ಎಲ್ಲಾ ಇರುತ್ತದೆ. ಅಗ್ಗದ ಕಪ್ಪೆಯ ಕೊಕ್ಕೆ ಅಷ್ಟು ಜೋರಿಗೆ ನೆಟ್ಟಗಾಗಿಬಿಡುತ್ತದೆ.

ಮೀನು ಹೊಡೆದ ಕೂಡಲೇ ಎತ್ತಬೇಡ. ಒಂದು ಕ್ಷಣ ತಡೆದು, ದಾರ ಎಳೆದುಕೊಂಡು ಹೋಗುವುದು ಕೈಗೆ ಗೊತ್ತಾದ ಮೇಲೆ ಜೋರಾಗಿ ಜಗ್ಗು. ಜಗ್ಗಿದ ಮೇಲೆ ನಿಲ್ಲಿಸಬಾರದು, ಅದರ ತಲೆ ತಿರುಗುವ ಮುಂಚೆ ಸುತ್ತುತ್ತಾ ಇರಬೇಕು. ಮೊದಲ ನಾಲ್ಕೈದು ಸುತ್ತಿನಲ್ಲೇ ಎಲ್ಲಾ ತೀರ್ಮಾನ ಆಗುತ್ತದೆ. ರಾಡನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿಯಬೇಡ, ತುದಿ ಮುರಿಯುವುದು ಹಾಗೆಯೇ.

ಹುಣಸಗಿ ಮಾಮಾ

ಎಲ್ಲಾ ಸರಿಯಾಗಿ ಹೇಳಿದ್ದೀರಿ. ಉಳಿದ ಎರಡು ಮೂರು ಮಾತು ನಾನು ಹೇಳುತ್ತೇನೆ.

ಸಿಕ್ಕಿಹಾಕಿಕೊಂಡ ದಾರವನ್ನು ರಾಡಿನಿಂದ ಜಗ್ಗಬೇಡಿ, ಬರಿಗೈಗೆ ಸುತ್ತಿಯೂ ಎಳೆಯಬೇಡಿ. 50 ಪೌಂಡ್ ಬ್ರೇಡ್ ಬೆರಳನ್ನು ಎಲುಬಿನವರೆಗೂ ಕೊಯ್ಯುತ್ತದೆ. ಒಂದು ಕಟ್ಟಿಗೆ ತುಂಡಿಗೆ ಸುತ್ತಿ, ರಾಡನ್ನು ದಾರದ ನೇರಕ್ಕೆ ಇಟ್ಟು, ಹಿಂದೆ ಹಿಂದೆ ನಡೆಯಿರಿ. ಕಡಿದ ದಾರ ಕೈಗೆ ಸಿಕ್ಕಷ್ಟನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ. ಬ್ರೇಡ್ ಕೊಳೆಯುವುದಿಲ್ಲ, ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡರೆ ಬಿಡುವುದೂ ಇಲ್ಲ.

ನಮ್ಮ ಕಡೆ ಎರೆಮಣ್ಣು. ಒದ್ದೆ ದಾರಕ್ಕೆ ಮೆತ್ತಿಕೊಂಡು ರೀಲಿನೊಳಗೆ, ರಾಡಿನ ಬಳೆಗಳೊಳಗೆ ಎಲ್ಲಾ ಕೂರುತ್ತದೆ. ಮನೆಗೆ ಬಂದು ಒದ್ದೆ ಬಟ್ಟೆಯಿಂದ ಒರೆಸಿ. ಆ ಬಳೆಗಳೊಳಗೆ ಸ್ವಲ್ಪ ಹತ್ತಿ ತೂರಿಸಿ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಅಂತ ಅರ್ಥ, ಹೊಸ ಬ್ರೇಡನ್ನು ಅದೇ ಕತ್ತರಿಸುತ್ತದೆ. ಹೊಸ ರಾಡ್ ತಂದ ದಿನವೂ ಇದನ್ನು ನೋಡಿ.

ಮಳೆಗಾಲದಲ್ಲಿ ಕೆಂಪಗೆ ಮರಿಗಳ ಗುಂಪು ನೀರಿನ ಮೇಲೆ ಆಡುತ್ತಿದ್ದರೆ ಅದರ ಕೆಳಗೆ ತಾಯಿ ತಂದೆ ಕಾಯುತ್ತಿರುತ್ತವೆ. ಅಲ್ಲಿ ಕಪ್ಪೆ ಎಸೆದರೆ ಖಂಡಿತ ಹೊಡೆಯುತ್ತವೆ, ಹಸಿವಿಗಲ್ಲ, ಮರಿ ಉಳಿಸಲು. ದಯವಿಟ್ಟು ಹಾಕಬೇಡಿ. ದೊಡ್ಡದನ್ನು ಎತ್ತಿದ ಮೇಲೆ ಆ ಮರಿಗಳನ್ನು ಬೇರೆ ಮೀನು ಮುಗಿಸಿಬಿಡುತ್ತವೆ, ಮುಂದಿನ ವರ್ಷ ಆ ಕೆರೆಯಲ್ಲಿ ಏನು ಹಿಡಿಯುತ್ತೀರಿ?

ನಾರಾಯಣಪುರದ ಕೆಳಗೆ ಕೃಷ್ಣೆಯಲ್ಲಿ ಹಾಕುವವರು ಇದ್ದರೆ ನೆನಪಿರಲಿ, ಮೊಸಳೆ ಇವೆ. ಸಿಕ್ಕಿದ ಕಪ್ಪೆ ಬಿಡಿಸಲು ಮೊಣಕಾಲು ನೀರಿಗೂ ಇಳಿಯಬೇಡಿ. ಮೀನುಗಾರರ ಸಂಘಕ್ಕೆ ಗುತ್ತಿಗೆ ಕೊಟ್ಟ ಕೆರೆ, ಡ್ಯಾಮ್ ಆದರೆ ಮೊದಲು ಅವರನ್ನು ಕೇಳಿ. ಕೇಳಿದರೆ ಎಷ್ಟೋ ಕಡೆ ಬಿಡುತ್ತಾರೆ, ಮೀನು ಎಲ್ಲಿ ಕೂರುತ್ತದೆ ಅಂತ ಅವರೇ ತೋರಿಸುತ್ತಾರೆ.

ಭಾಲ್ಕಿ ಹುಡುಗ

ಮಾಮಾ, ಮರಿಗಳ ಮಾತು ಇಲ್ಲಿನ ಹುಡುಗರಿಗೂ ಹೇಳುತ್ತೇನೆ, ನಮ್ಮ ಕೆರೆಯಲ್ಲಿ ಆ ಗುಂಪು ಹುಡುಕಿಕೊಂಡೇ ಬರುವವರಿದ್ದಾರೆ. ಕಾಗಿಣಾ ಅಣ್ಣ, ಜಾಲಿ ಜಾಗಕ್ಕೆ ಲೀಡರ್ 30 ಪೌಂಡ್ ಹಾಕಲಾ, 40 ಹಾಕಲಾ? ರಾಡಿನ ಜೊತೆಗೇ ತರಿಸುತ್ತೇನೆ.

ಕಾಗಿಣಾ ದಂಡೆ

ಬ್ರೇಡ್ 40 ಆದರೆ ಲೀಡರ್ 30 ಹಾಕು ತಮ್ಮ. ಕೊಂಬೆಗೆ ಪೂರ್ತಿ ಸಿಕ್ಕಿಹಾಕಿಕೊಂಡು ಎಳೆದಾಗ ಲೀಡರಿನ ಗಂಟಿನ ಹತ್ತಿರವೇ ಕಡಿಯುತ್ತದೆ, ನಿನ್ನ ಬ್ರೇಡ್ ನೀರೊಳಗೆ ಹೋಗುವುದಿಲ್ಲ. ಒಂದು ಮೀಟರಿಗಿಂತ ಉದ್ದ ಬೇಡ. ಪ್ರತಿ ಮೀನು ಬಿಡಿಸಿದ ಮೇಲೆ ಕೊನೆಯ ಒಂದು ಗೇಣನ್ನು ಉಗುರಿನಿಂದ ಸವರಿ ನೋಡು, ಒರಟು ಹತ್ತಿದರೆ ಕತ್ತರಿಸಿ ಹೊಸ ಗಂಟು ಹಾಕು.